ಲೇತ್‌ನ ಅರ್ಧ ಅದರ ಮೇಜು

ಅಡುಗೆಮನೆಯಾಚೆಯ ಯುಟಿಲಿಟಿಯಲ್ಲೋ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲೋ ಕಬ್ಬಿಣ ಕಡೆಯುವ ಲೇತ್ ಕೂರಿಸಬಹುದೇ? ಧಾರಾಳವಾಗಿ. ಹವ್ಯಾಸಿಗಳ ‘ಮಿನಿ ಲೇತ್’ ಸುಮಾರು 40 ಕಿಲೊ ತೂಗುತ್ತದೆ. ಇಬ್ಬರು ಸೇರಿದರೆ ಎತ್ತಿ ಇಡಬಹುದು. 180 ಮಿ.ಮೀ. ವ್ಯಾಸದವರೆಗಿನ ತುಂಡು ಅದರಲ್ಲಿ ತಿರುಗುತ್ತದೆ, ಮನೆಯ 230 ವೋಲ್ಟ್ ಸಿಂಗಲ್ ಫೇಸ್ ಕರೆಂಟು ಸಾಕು. ಪೀಣ್ಯದ ಶೆಡ್‌ಗಳಲ್ಲಿ ಕಾಣುವ ದೊಡ್ಡ ಲೇತ್‌ಗಳ ತೂಕ ಟನ್‌ಗಳಲ್ಲಿ. ಆ ತೂಕ ಸುಮ್ಮನೆ ಹೇರಿದ್ದಲ್ಲ. ದೊಡ್ಡ ಯಂತ್ರಕ್ಕೆ ಮೈಯಿಂದಲೇ ಬರುವ ಬಿಗಿಯನ್ನು ಚಿಕ್ಕ ಯಂತ್ರ ಬೇರೆಡೆಯಿಂದ ಕಡ ತರಬೇಕು. ಕಡ ಕೊಡುವುದು ಅದು ಕೂತ ಮೇಜು.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು ಉಳಿಯನ್ನು ಕೈಯಲ್ಲೇ ಹಿಡಿಯುತ್ತಾರೆ. ಮರದಲ್ಲಿ ಗಂಟು ಸಿಕ್ಕರೆ ಕೈಗೆ ತಿಳಿಯುತ್ತದೆ, ತುಸು ಹಿಂದೆ ಸರಿಯುತ್ತದೆ. ಉಕ್ಕಿನ ಮುಂದೆ ಈ ಜಾಣ್ಮೆ ಹೆಚ್ಚು ನಡೆಯದು. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್‌ಲಿ ರೂಪಿಸಿದ ಲೇತ್‌ನಲ್ಲಿ ಉಳಿಯನ್ನು ಜಾರುವ ಪೀಠವೊಂದಕ್ಕೆ ಬಿಗಿದು ತಿರುಪಿನಿಂದ ನಡೆಸುವ ಏರ್ಪಾಡಿತ್ತು. ಇವತ್ತಿನ ಲೇತ್‌ಗಳೂ ಅದೇ ವಂಶದವು. ಪೀಠಕ್ಕೆ ಕೈಗಿರುವ ಅರಿವಿಲ್ಲ. ಬಾಗದೆ ನಿಲ್ಲುವುದೊಂದೇ ಅದಕ್ಕೆ ಗೊತ್ತಿರುವ ವಿದ್ಯೆ.

ಆದರೆ ಬಾಗದ ವಸ್ತುವೇ ಇಲ್ಲ. 12 ಮಿ.ಮೀ. ದಪ್ಪದ ಉಕ್ಕಿನ ಸರಳನ್ನು ಲೇತ್‌ನ ತಿರುಗುವ ಹಿಡಿಕೆಯಾದ ಚಕ್‌ನಲ್ಲಿ ಹಿಡಿದು 60 ಮಿ.ಮೀ. ಹೊರಗೆ ಚಾಚಿದ್ದೀರಿ ಎನ್ನಿ. ಅದರ ತುದಿಯನ್ನು ಉಳಿ, ಅಂದರೆ ಟೂಲ್, 100 ನ್ಯೂಟನ್, ಅಂದರೆ ಹತ್ತು ಕಿಲೊ ಭಾರದಷ್ಟು ಬಲದಿಂದ ಪಕ್ಕಕ್ಕೆ ಒತ್ತಿದರೆ ತುದಿ ಸುಮಾರು 0.035 ಮಿ.ಮೀ. ಸರಿಯುತ್ತದೆ. ವ್ಯಾಸದಲ್ಲಿ ಇದು ಇಮ್ಮಡಿಯಾಗಿ 0.07 ಆಗುತ್ತದೆ. ಬೇರಿಂಗ್ ಕೂರಬೇಕಾದ ಜಾಗದಲ್ಲಿ ಇಷ್ಟು ತಪ್ಪಿದರೆ ಕೆಲಸ ಕೆಟ್ಟಂತೆಯೇ. ಚಾಚಿದ ಉದ್ದವನ್ನು 30 ಮಿ.ಮೀ.ಗೆ ಇಳಿಸಿ ನೋಡಿ: ಬಾಗು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಬಾಗು ಉದ್ದದ ಘನವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಟೂಲ್‌ಪೋಸ್ಟ್‌ನಿಂದ ಮುಂದೆ ಚಾಚಿದ ಟೂಲ್‌ಗೂ ಇದೇ ಲೆಕ್ಕ. ಮೇಜಿನ ಹಲಗೆಗೆ ಇದನ್ನೇ ತಿರುಗಿಸಿ ಹೇಳಬಹುದು: ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು. 18 ಮಿ.ಮೀ. ಪ್ಲೈವುಡ್ ಹಲಗೆಗಳೆರಡನ್ನು ಒಂದರ ಮೇಲೊಂದು ಸುಮ್ಮನೆ ಇಟ್ಟರೆ ಬಿಗಿ ಎರಡರಷ್ಟು ಮಾತ್ರ. ಚೆನ್ನಾಗಿ ಅಂಟಿಸಿ ಒಂದಾಗಿಸಿದರೆ ಎಂಟರಷ್ಟರ ಹತ್ತಿರ. ಅಂಟಿನ ಡಬ್ಬಿಯೊಂದು ಇಷ್ಟು ಕೆಲಸ ಮಾಡುವುದು ಬೇರೆಲ್ಲೂ ಸಿಗಲಿಕ್ಕಿಲ್ಲ.

ಬಾಗುವುದಕ್ಕಿಂತ ಕಪಟಿ ತಿರುಚು. ಲೇತ್‌ನ ಹಾಸು, ಅಂದರೆ ಬೆಡ್, ಬೀಡುಕಬ್ಬಿಣದ್ದು. ನೋಡಲು ಬಂಡೆಯಂತಿದ್ದರೂ ಡೊಂಕು ಹಲಗೆಯ ಮೇಲಿಟ್ಟು ಬೋಲ್ಟ್ ಬಿಗಿದರೆ ಅದು ಹಲಗೆಯ ಡೊಂಕನ್ನೇ ಕಲಿಯುತ್ತದೆ. ಎರಡು ಕಾಲುಗಳ ನಡುವೆ 100 ಮಿ.ಮೀ. ಅಂತರವಿದ್ದು, ಒಂದರಡಿ 0.1 ಮಿ.ಮೀ. ದಪ್ಪದ ಕಾಗದ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಹಾಸು ಪೂರ್ತಿ ಅದಕ್ಕೆ ಮಣಿದರೆ, 90 ಮಿ.ಮೀ. ಎತ್ತರದಲ್ಲಿರುವ ಟೂಲ್‌ನ ಮೊನೆ 0.09 ಮಿ.ಮೀ. ಪಕ್ಕಕ್ಕೆ ವಾಲುತ್ತದೆ. ಹಾಸು ತಾನೂ ಎದುರು ನಿಲ್ಲುವುದರಿಂದ ನಿಜದಲ್ಲಿ ಕಡಿಮೆಯೇ ವಾಲೀತು. ಆದರೂ ಸಿಲಿಂಡರ್ ಆಗಬೇಕಾದದ್ದು ಕಣ್ಣಿಗೆ ಕಾಣದಷ್ಟು ಶಂಕುವಾಗಲು ಅಷ್ಟೇ ಸಾಕು.

ಈ ಕಾರಣಕ್ಕೇ ಲೇತ್ ಕೂರಿಸುವವರು ಸೂಕ್ಷ್ಮ ರಸಮಟ್ಟ ಹುಡುಕುತ್ತಾರೆ. ಗಾರೆಯವರದ್ದು ಇಲ್ಲಿ ಸಾಲದು, ಮೀಟರಿಗೆ 0.02 ಮಿ.ಮೀ. ಏರನ್ನೂ ತೋರಿಸುವಂಥದ್ದು ಬೇಕು. ಆದರೆ ಲೇತ್ ನೆಲಕ್ಕೆ ಸಮತಟ್ಟಾಗಿರಲೇಬೇಕು ಎಂಬ ನಂಬಿಕೆಗೆ ಆಧಾರವಿಲ್ಲ. ಅಲೆಗಳ ಮೇಲೆ ಓಲಾಡುವ ಹಡಗುಗಳ ವರ್ಕ್‌ಶಾಪ್‌ನಲ್ಲೂ ಲೇತ್‌ಗಳು ಸರಿಯಾಗಿಯೇ ಕಡೆಯುತ್ತವೆ. ಬೇಕಾದದ್ದು ಹಾಸಿನ ಎರಡೂ ತುದಿಗಳ ಅಡ್ಡ ಓರೆ ಒಂದೇ ಆಗಿರುವುದು. ಎರಡೂ ಕಡೆ ಗುಳ್ಳೆ ಒಂದೇ ಗೆರೆಗೆ ನಿಂತರೆ, ಆ ಗೆರೆ ನಡುವಿನದ್ದಲ್ಲದಿದ್ದರೂ ಚಿಂತೆಯಿಲ್ಲ.

ಅಂಥ ರಸಮಟ್ಟ ದುಬಾರಿ. ಅದಿಲ್ಲದವರಿಗೆ ಹಳೆಯ ಟರ್ನರ್‌ಗಳ ಒಂದು ಪರೀಕ್ಷೆಯಿದೆ, ನನಗೆ ಅದೇ ಹೆಚ್ಚು ಇಷ್ಟ. ದಪ್ಪನೆಯ ಸರಳನ್ನು ಚಕ್‌ನಲ್ಲಿ ಮಾತ್ರ ಹಿಡಿದು, ಬಲತುದಿಯ ಟೈಲ್‌ಸ್ಟಾಕ್ ಆಸರೆ ಕೊಡದೆ, ಬುಡದಲ್ಲೊಂದು ತುದಿಯಲ್ಲೊಂದು ಪಟ್ಟಿ ಉಳಿಯುವಂತೆ ನಡುವನ್ನು ಕಡೆಯಬೇಕು. ಆಮೇಲೆ ಟೂಲ್ ಅಲುಗಿಸದೆ ಎರಡೂ ಪಟ್ಟಿಗಳ ಮೇಲೆ ತೆಳುವಾಗಿ ಒಂದೇ ಓಟ. ಮೈಕ್ರೊಮೀಟರ್ ಎರಡು ಕಡೆಯೂ ಒಂದೇ ಅಂಕಿ ತೋರಿದರೆ ಮುಗಿಯಿತು. ಇಲ್ಲವಾದರೆ ಟೈಲ್‌ಸ್ಟಾಕ್ ಕಡೆಯ ಒಂದು ಕಾಲಿನಡಿ ತೆಳು ತಗಡು ಸೇರಿಸಿ ಮತ್ತೆ ನೋಡುವುದು. ಚಕ್ ಹೊತ್ತ ಹೆಡ್‌ಸ್ಟಾಕೇ ಓರೆಯಿದ್ದರೂ ಇದೇ ಲಕ್ಷಣ ಕಾಣುತ್ತದೆ ಎಂಬುದು ನೆನಪಿರಲಿ. ರಸಮಟ್ಟ ಹಾಸಿನ ಬಗ್ಗೆ ಮಾತ್ರ ಹೇಳುತ್ತದೆ. ಈ ಸರಳು ಇಡೀ ಯಂತ್ರದ ಬಗ್ಗೆ ಹೇಳುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರ ಮಾತೂ ಬರುತ್ತದೆ. ಸದ್ದು ಇಳಿಸಲು ಲೇತ್‌ನಡಿಯೇ ಮೆತ್ತನೆಯ ರಬ್ಬರ್ ಹಾಕುವವರಿದ್ದಾರೆ. ಹಾಸು ತಿರುಚದಿರಲು ಅದು ನೆರವಾದೀತು, ಆದರೆ ಮೇಜಿನ ತೂಕ ಯಂತ್ರಕ್ಕೆ ದಕ್ಕುವುದಿಲ್ಲ. ರಬ್ಬರ್ ಮೇಜಿನ ಕಾಲುಗಳಡಿ ಇರಲಿ; ಮೇಜಿನ ಕೆಳಹಲಗೆಗೆ ಮರಳು ಚೀಲ ಹೇರಿ ಭಾರ ಹೆಚ್ಚಿಸಿ; ಲೇತ್ ಮೇಜಿಗೆ ಬಿಗಿಯಾಗಿ ಅಂಟಿಕೊಂಡಿರಲಿ.

ಇಷ್ಟಾದರೂ ಒಮ್ಮೊಮ್ಮೆ ಯಂತ್ರ ಕಿರುಚುತ್ತದೆ, ಕಡೆದ ತುಂಡಿನ ಮೈಮೇಲೆ ಅಲೆಯಲೆಯ ಗುರುತು ಬೀಳುತ್ತದೆ. ಇದು ಚಾಟರ್. ಲೋಹ ಕತ್ತರಿಸುವ ಶಾಸ್ತ್ರಕ್ಕೆ ತಳಪಾಯ ಹಾಕಿದ ಅಮೆರಿಕದ ಎಫ್. ಡಬ್ಲ್ಯು. ಟೇಲರ್‌ಗೂ ಇದು ಬಿಡಿಸಲಾಗದ ಒಗಟಾಗಿತ್ತು. ಕಾರಣ ಸ್ಪಷ್ಟವಾದದ್ದು 1950ರ ದಶಕದಿಂದ ಈಚೆಗೆ. ಒಂದು ಸುತ್ತಿನಲ್ಲಿ ಟೂಲ್ ನಡುಗಿ ಬಿಟ್ಟ ಅಲೆಯನ್ನು ಮುಂದಿನ ಸುತ್ತಿನಲ್ಲಿ ಅದೇ ಟೂಲ್ ಕತ್ತರಿಸಬೇಕಾಗುತ್ತದೆ. ಕತ್ತರಿಸುವ ಪದರದ ದಪ್ಪ ಏರಿಳಿದಂತೆ ಬಲವೂ ಏರಿಳಿಯುತ್ತದೆ, ನಡುಕ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ. ಆಗ ಹೆದರಿ ಟೂಲನ್ನು ಮೆಲ್ಲಗೆ ಸವರುವುದು ಸಹಜ, ಆದರೆ ಅನೇಕ ಸಲ ಅದು ಉಲ್ಟಾ ಹೊಡೆಯುತ್ತದೆ. ವೇಗ ಇಳಿಸಿ ಫೀಡ್ (ಒಂದು ಸುತ್ತಿಗೆ ಟೂಲ್ ಮುಂದೆ ಸರಿಯುವ ದೂರ) ತುಸು ಹೆಚ್ಚಿಸಿದರೆ ಸದ್ದು ನಿಲ್ಲುವುದುಂಟು.

ಜಾಗದ ಅಳತೆ ಸುಲಭದ ಮಾತು. ಎಡಗಡೆ ಗಿಯರ್ ಮುಚ್ಚಳ ತೆರೆಯಲು ಮತ್ತು ಸ್ಪಿಂಡಲ್ ತೂತಿನಿಂದ ಸರಳು ಹೊರಬರಲು, ಬಲಗಡೆ ಟೈಲ್‌ಸ್ಟಾಕ್ ಹಿಂದಕ್ಕೆ ಸರಿಯಲು ಎಡೆಯಿದ್ದರಾಯಿತು. ಬೆಳಕನ್ನು ಮಾತ್ರ ಹಗುರವಾಗಿ ಕಾಣಬೇಡಿ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಅಗ್ಗದ ಕೆಲವು ಎಲ್‌ಇಡಿಗಳೂ ಹಾಗೆಯೇ. ಮೂರು ದವಡೆಯ ಚಕ್ ನಿಮಿಷಕ್ಕೆ 2000 ಸುತ್ತು ಹಾಕುವಾಗ ಪ್ರತಿ ನೂರನೇ ಒಂದು ಸೆಕೆಂಡಿಗೆ ಸರಿಯಾಗಿ ಮೂರನೇ ಒಂದು ಸುತ್ತು ಮುಗಿಸುತ್ತದೆ. ಪ್ರತಿ ಮಿನುಗಿಗೂ ಒಂದು ದವಡೆಯ ಜಾಗದಲ್ಲಿ ಇನ್ನೊಂದು ಬಂದಿರುತ್ತದೆ. ಓಡುತ್ತಿರುವ ಚಕ್ ನಿಂತಂತೆ ಕಂಡು ಕೈ ಹೋದರೆ ಗತಿಯೇನು? ಲೇತ್‌ನ ಮೇಲೆ 12 ವೋಲ್ಟ್ ಡಿಸಿಯಲ್ಲಿ ಉರಿಯುವ ಎಲ್‌ಇಡಿ ದೀಪವೊಂದನ್ನು ಹಾಕಿಸಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಪ್ಲೈವುಡ್ ಮೇಜಾದರೆ ಮಳೆಗಾಲದ ತೇವಕ್ಕೆ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾಲಿನಡಿಯ ತಗಡಿನ ಲೆಕ್ಕ ಆಗ ತಪ್ಪುತ್ತದೆ. ಹಾಗಾಗಿ ಎರಡು ಪಟ್ಟಿಯ ಆ ಸರಳನ್ನು ಎಸೆಯದೆ, ಎಣ್ಣೆ ಸವರಿ ತೆಗೆದಿಡುವುದು ವಾಸಿ.