ಹಳೇ ಡೈರಿಯ ಮೂರು ಸಾಲು

ದಸರಾ ರಜೆಯಲ್ಲಿ ಅಟ್ಟದ ಧೂಳು ಹೊಡೆಯುವ ಕೆಲಸವನ್ನು ಮೊಮ್ಮಗಳಿಗೆ ಒಪ್ಪಿಸಿದ್ದು ನನ್ನದೇ ತಪ್ಪು. ಏಳನೇ ಕ್ಲಾಸಿನ ಹುಡುಗಿ. ಧೂಳು ಹೊಡೆಯುವುದಕ್ಕಿಂತ ಪೆಟ್ಟಿಗೆ ತೆರೆಯುವುದರಲ್ಲೇ ಆಸಕ್ತಿ ಹೆಚ್ಚು. ಆಯುಧಪೂಜೆಯ ಹಿಂದಿನ ದಿನ ಹಳೇ ಟ್ರಂಕಿನ ತಳದಿಂದ ನನ್ನ 1978ರ ಡೈರಿ ಎತ್ತಿಕೊಂಡು ಕೆಳಗಿಳಿದಳು.

ಡೈರಿ ಎಂದರೆ ಅಂಥದ್ದೇನಲ್ಲ. ಬರೆದಿರುವುದು ಬರೀ ಲೆಕ್ಕ. ಹಾಲು, ಸೌದೆ, ಬಾಡಿಗೆ, ಸೈಕಲ್ಲಿನ ಟೈರು. ಜನವರಿ 17ರ ಪುಟದಲ್ಲಿ ಮಾತ್ರ ‘ಸಾವಿರದ ನೋಟು ರದ್ದು, ಇಂದು ಕೌಂಟರಿನಲ್ಲಿ ವ್ಯವಹಾರ ಇಲ್ಲ’ ಎಂದು ಗೀಚಿದ್ದೆ. ನೋಟು ರದ್ದು ಎಂದರೆ 2016 ಎಂದಷ್ಟೇ ತಿಳಿದ ಮಕ್ಕಳಿಗೆ ಹೇಳುತ್ತೇನೆ: ಆಗಲೂ ಒಮ್ಮೆ ಆಗಿತ್ತು. ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ಹೋದವು. ನನ್ನಂಥ ಗುಮಾಸ್ತನಿಗೆ ಅದರಿಂದ ಏನೂ ಆಗಲಿಲ್ಲ. ನನ್ನ ಜೇಬು ಕಂಡ ದೊಡ್ಡ ನೋಟು ನೂರರದ್ದು.

ಹುಡುಗಿಯ ಕಣ್ಣಿಗೆ ಬಿದ್ದದ್ದು ಅದಲ್ಲ, ಮೊದಲ ಪುಟ. ಅಲ್ಲಿ ಕೆಂಪು ಶಾಯಿಯಲ್ಲಿ ಮೂರು ಸಾಲು ಇದ್ದವು. ಒಂದು, ಕೈಗೆ ಬಂದ ಹಣದಲ್ಲಿ ನೂರಕ್ಕೆ ಐದು ರೂಪಾಯಿ ಯಾವುದಾದರೂ ಬಡ ಮಗುವಿನ ಓದಿಗೆ. ಎರಡು, ನನ್ನದಲ್ಲದ ರೂಪಾಯಿ ನನ್ನ ಜೇಬಿಗೆ ಬೇಡ. ಮೂರು, ಸಹಾಯ ಕೇಳಿ ಬಂದವರಿಗೆ ಸುಳ್ಳು ಹೇಳಿ ಕಳಿಸಬಾರದು.

“ತಾತ, ಇದನ್ನೆಲ್ಲ ಮಾಡಿದ್ಯಾ?” ಎಂದಳು.

“ಮಾಡಿದೀನಿ ಪುಟ್ಟಿ” ಎಂದೆ. ಬಾಯಿಂದ ತಾನಾಗಿ ಬಂದ ಉತ್ತರ. ಅವಳು ಸುಮ್ಮನಾಗುವ ಪೈಕಿ ಅಲ್ಲ, ಪೆನ್ಸಿಲ್ ತಂದು ಎದುರು ಕೂತಳು.

ಎರಡನೇ ಸಾಲಿನದು ಸುಲಭ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಎಣಿಸಿದ ಹಣಕ್ಕೆ ಲೆಕ್ಕವಿಲ್ಲ, ಆದರೆ ಒಂದು ರೂಪಾಯಿ ಆಚೆ ಈಚೆ ಆಗಿಲ್ಲ. ಒಮ್ಮೆ ಒಬ್ಬ ವ್ಯಾಪಾರಿ ಕಟ್ಟಿದ ಕಂತೆಯಲ್ಲಿ ಐನೂರು ಹೆಚ್ಚಿತ್ತು. ಸಂಜೆ ಅವರ ಮಂಡಿಗೇ ಹೋಗಿ ಕೊಟ್ಟು ಬಂದೆ. ಇದನ್ನು ನಮ್ಮನೆಯವಳಿಗೆ ನೂರು ಸಲ ಹೇಳಿದ್ದೇನೆ. ಆದರೆ ಈಗ ಕೂತು ಯೋಚಿಸಿದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಎಷ್ಟು, ಹೆದರಿಕೆ ಎಷ್ಟು ಎಂದು ಹೇಳುವುದು ಕಷ್ಟ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮ್ಯಾನೇಜರಿಂದ ಹಿಡಿದು ಜವಾನರವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಆ ನಿಯಮಕ್ಕೆ ಕಾವಲಿತ್ತು. ಉಳಿದೆರಡಕ್ಕೆ ನಾನೇ ಕಾವಲು.

ಆ ಎರಡನ್ನು ಯಾಕೆ ಬರೆದೆ ಎನ್ನುವುದನ್ನು ಮೊಮ್ಮಗಳಿಗೂ ಹೇಳಿರಲಿಲ್ಲ. ನಾನು ಕಾಲೇಜಿಗೆ ಸೇರುವ ವರ್ಷ ಫೀಜಿಗೆ ಅರವತ್ತು ರೂಪಾಯಿ ಕಡಿಮೆ ಬಿತ್ತು. ಅಪ್ಪ ನನ್ನನ್ನು ಕರೆದುಕೊಂಡು ದೂರದ ನೆಂಟರೊಬ್ಬರ ಮನೆಗೆ ಹೋದರು. ಕೊಬ್ಬರಿ ವ್ಯಾಪಾರ, ಅನುಕೂಲಸ್ಥರು. “ಈಗ ಕೈಯಲ್ಲಿ ಒಂದು ಕಾಸೂ ಇಲ್ಲವಲ್ಲೋ” ಎಂದರು. ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಅವರ ಮಗ ಹಣ ಎಣಿಸುತ್ತಿದ್ದ. ಬೆಳ್ಳಿ ಬಣ್ಣದ ಚಿಲ್ಲರೆಯ ಸದ್ದು ಜಗಲಿಯ ತನಕ ಕೇಳುತ್ತಿತ್ತು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಕೊಡದೆ ಇದ್ದದ್ದು ನನಗೆ ನೋವಾಗಲಿಲ್ಲ, ಇಲ್ಲ ಎಂದದ್ದು ನೋವಾಯಿತು. ಕೊನೆಗೆ ನಮ್ಮ ಶಾಲೆಯ ಮೇಷ್ಟ್ರೊಬ್ಬರು ಕೊಟ್ಟರು. ಬಿಕಾಂ ಮುಗಿಸಿ, ಕೆಲಸ ಸಿಕ್ಕಿ, ಎರಡು ಕಾಸು ಕಂಡ ಮೇಲೆ ಕೆಂಪು ಶಾಯಿ ಹುಡುಕಿಕೊಂಡು ಬರೆದೆ.

ಆಗ ಕೈಗೆ ಬರುತ್ತಿದ್ದ ಸಂಬಳ 640 ರೂಪಾಯಿ. ನೂರಕ್ಕೆ ಐದು ಎಂದರೆ 32. ಬೀದಿಕೊನೆಯ ದರ್ಜಿಯ ಮಗನ ಓದಿಗೆ ಅದನ್ನು ತಪ್ಪದೆ ಕೊಟ್ಟೆ. ಆ 32 ರೂಪಾಯಿಗೆ ತಿಂಗಳ ಕೊನೆಯಲ್ಲಿ ನಾವು ಕಾಫಿಗೆ ಹಾಲು ಕಡಿಮೆ ಮಾಡುತ್ತಿದ್ದೆವು. ಮಕ್ಕಳಾದವು, ಸಂಬಳ ಏರಿತು. ಎಲ್ಲೋ ಒಂದು ಕಡೆ ನೂರಕ್ಕೆ ಐದು ಹೋಗಿ ತಿಂಗಳಿಗೆ ಇನ್ನೂರು ಎಂದು ನಿಂತಿತು. ಸಂಬಳ ಹನ್ನೆರಡು ಸಾವಿರವಾದಾಗಲೂ ಅದೇ ಇನ್ನೂರು. 2011ರಲ್ಲಿ ನಿವೃತ್ತನಾದೆ. ಆದಾಯ ಕಡಿಮೆಯಾಯಿತಲ್ಲ ಎಂದು ಅದನ್ನೂ ನಿಲ್ಲಿಸಿದೆ.

ಆದಾಯ ಕಡಿಮೆಯಾಯಿತೇ? 1984ರಲ್ಲಿ ಮೈಸೂರಿನ ಅಂಚಿನಲ್ಲಿ ನಮ್ಮನೆಯವಳ ಬಳೆ ಮಾರಿ ಒಂಬತ್ತು ಸಾವಿರಕ್ಕೆ ಒಂದು ಮೂವತ್ತು ನಲವತ್ತರ ಸೈಟು ಕೊಂಡಿದ್ದೆ. ಸುತ್ತ ಬರೀ ಹುರುಳಿ ಹೊಲ. ಆಮೇಲೆ ರಸ್ತೆ ಬಂತು, ಬಡಾವಣೆ ಬಂತು. 2013ರಲ್ಲಿ ಆ ಸೈಟು 42 ಲಕ್ಷಕ್ಕೆ ಹೋಯಿತು. ನಾನು ಬೆವರು ಸುರಿಸಿದ ಹಣವಲ್ಲ, ಸುಮ್ಮನೆ ಕಾದು ಕೂತದ್ದಕ್ಕೆ ಬಂದದ್ದು.

“ಅದರಲ್ಲಿ ಎಷ್ಟು ಕೊಟ್ಟೆ ತಾತ?”

ಹುಟ್ಟೂರಿನ ಶಾಲೆಗೆ ಸುಣ್ಣಬಣ್ಣಕ್ಕೆಂದು ಐದು ಸಾವಿರ ಕೊಟ್ಟಿದ್ದೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಭಾಷಣ ಮಾಡಿದ್ದರು. ಆ ಫೋಟೊ ಹಾಲಿನಲ್ಲಿ ಇವತ್ತೂ ಇದೆ. ಹುಡುಗಿ ಕ್ಯಾಲ್ಕುಲೇಟರ್ ಒತ್ತಿದಳು. “ನೂರು ರೂಪಾಯಿಗೆ ಹನ್ನೆರಡು ಪೈಸೆ ಬರತ್ತೆ ತಾತ.”

ಅದು ಸಂಬಳವಲ್ಲ, ಆಸ್ತಿ ಎಂದು ವಾದಿಸಿದೆ. ಅವಳು ಡೈರಿ ತಿರುಗಿಸಿ ತೋರಿಸಿದಳು. ‘ಕೈಗೆ ಬಂದ ಹಣ’ ಎಂದಿತ್ತು. ‘ಸಂಬಳ’ ಎಂದು ನಾನು ಬರೆದೇ ಇರಲಿಲ್ಲ.

ಇಂಥದೇ ಒಂದು ಚೀಟಿಯ ಕಥೆಯನ್ನು ಹಿಂದೆ ಗ್ರಂಥಾಲಯದಲ್ಲಿ ಓದಿದ್ದು ಆ ರಾತ್ರಿ ನೆನಪಾಯಿತು. ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿಯದು. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನ ಕೈಮಗ್ಗದ ನೇಕಾರನ ಮಗ. ಯಂತ್ರದ ಮಗ್ಗ ಬಂದು ಅಪ್ಪನ ಕಸುಬು ಹೋಯಿತು. 1848ರಲ್ಲಿ ಸಾಲ ಮಾಡಿ ಅಮೆರಿಕಕ್ಕೆ ಹೋದರು. ಹನ್ನೆರಡು ಹದಿಮೂರರ ಹುಡುಗ ಹತ್ತಿ ಗಿರಣಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿದ. ಕೂಲಿ ವಾರಕ್ಕೆ ಒಂದು ಡಾಲರ್ ಇಪ್ಪತ್ತು ಸೆಂಟು. ಆ ಊರಿನ ಕರ್ನಲ್ ಆಂಡರ್ಸನ್ ಎಂಬವರು ಶನಿವಾರ ತಮ್ಮ ಮನೆಯ ನಾನೂರು ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಓದಲು ಕೊಡುತ್ತಿದ್ದರು. ಹುಡುಗ ಓದಿದ್ದೇ ಹಾಗೆ.

1868ರ ಡಿಸೆಂಬರಿನಲ್ಲಿ, ಮೂವತ್ಮೂರನೇ ವಯಸ್ಸಿಗೆ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕೂತು ಕಾರ್ನೆಗಿ ತನಗೆ ತಾನೇ ಒಂದು ಚೀಟಿ ಬರೆದುಕೊಂಡ. ಆಗಲೇ ವರ್ಷಕ್ಕೆ ಐವತ್ತು ಸಾವಿರ ಡಾಲರ್ ವರಮಾನ ಇತ್ತು. ಇದಕ್ಕಿಂತ ಹೆಚ್ಚು ಗಳಿಸುವ ಪ್ರಯತ್ನ ಬೇಡ, ಮಿಕ್ಕದ್ದನ್ನು ಒಳ್ಳೇ ಕೆಲಸಕ್ಕೆ ಕೊಡಬೇಕು, ಇನ್ನೆರಡು ವರ್ಷಕ್ಕೆ ವ್ಯಾಪಾರ ಬಿಟ್ಟು ಓದಿಗೆ ಕೂರಬೇಕು, ಹಣದ ಹಿಂದೆಯೇ ಬಿದ್ದರೆ ತಾನು ಕೆಟ್ಟುಹೋಗುತ್ತೇನೆ ಎಂಬ ಅರ್ಥದ ಮಾತುಗಳು. ಚೀಟಿಯನ್ನು ಸಾಯುವವರೆಗೂ ತನ್ನ ಕಾಗದಪತ್ರಗಳ ನಡುವೆ ಇಟ್ಟುಕೊಂಡಿದ್ದ.

ಆ ಎರಡು ವರ್ಷ ಮೂವತ್ತೆರಡು ವರ್ಷವಾಯಿತು! ಬ್ಯಾಂಕಿನಲ್ಲಿ ಠೇವಣಿ ಅವಧಿ ಮುಗಿದಾಗ ಯಾರೂ ಬಂದು ಕೇಳದಿದ್ದರೆ ತಾನಾಗಿ ನವೀಕರಣ ಆಗುತ್ತದಲ್ಲ, ಹಾಗೆ. 1886ರಲ್ಲಿ ಪತ್ರಿಕೆಗೆ ಬರೆಯುತ್ತ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆ ಎಂದ. ಆರೇ ವರ್ಷಕ್ಕೆ, 1892ರಲ್ಲಿ, ಹೋಮ್‌ಸ್ಟೆಡ್ ಊರಿನ ಅವನದೇ ಕಾರ್ಖಾನೆಯಲ್ಲಿ ಕೂಲಿಯ ಜಗಳ ಹುಟ್ಟಿತು. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದ. ಇಲ್ಲಿ ಅವನ ಪಾಲುದಾರ ಫ್ರಿಕ್ ಗೇಟು ಮುಚ್ಚಿಸಿ, ಬಂದೂಕು ಹಿಡಿದ ಮುನ್ನೂರು ಖಾಸಗಿ ಕಾವಲುಗಾರರನ್ನು ನದಿಯ ಮೇಲೆ ದೋಣಿಗಳಲ್ಲಿ ಕರೆಸಿದ. ಜುಲೈ 6ರಂದು ಎರಡೂ ಕಡೆ ಹೆಣ ಬಿದ್ದವು. ಸಂಘ ಮುರಿದುಬಿತ್ತು.

1901ರಲ್ಲಿ ಕಂಪನಿಯನ್ನು 48 ಕೋಟಿ ಡಾಲರಿಗೆ ಮಾರಿದ. ಆಮೇಲೆ ಕೊಡಲು ಕೂತ. 1919ರಲ್ಲಿ ಸಾಯುವ ಹೊತ್ತಿಗೆ ಕೊಟ್ಟದ್ದು 35 ಕೋಟಿ ಡಾಲರಿಗೂ ಮಿಕ್ಕಿ. ಜಗತ್ತಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಅವನ ಹಣದಿಂದ ಎದ್ದವು. ಹೋಮ್‌ಸ್ಟೆಡ್‌ನಲ್ಲೂ ಒಂದು. ಆದರೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ನಿಂತವನಿಗೆ ಓದಲು ಹೊತ್ತೆಲ್ಲಿ ಎಂದು ಅಲ್ಲಿನವರು ಕೇಳಿದರಂತೆ. ಕೊಡುವ ನಿಯಮ ಉಳಿಯಿತು, ಸಾಕು ಎನ್ನುವ ನಿಯಮ ಉಳಿಯಲಿಲ್ಲ. ಕೊಟ್ಟವನನ್ನು ನಾನು ಹಗುರವಾಗಿ ಮಾತಾಡುತ್ತಿಲ್ಲ. ನೂರಕ್ಕೆ ಹನ್ನೆರಡು ಪೈಸೆಯವನಿಗೆ ಆ ಯೋಗ್ಯತೆಯೂ ಇಲ್ಲ.

ಬೆಳಗ್ಗೆ ಇದನ್ನು ಮೊಮ್ಮಗಳಿಗೆ ಹೇಳಿದೆ. ದುಡ್ಡು ಬಂದರೆ ಎಲ್ಲರೂ ಹೀಗೇ ಎಂದು ತಪ್ಪಿಸಿಕೊಳ್ಳುವ ಆಸೆ ಒಳಗೆ ಇತ್ತು ಅನಿಸುತ್ತದೆ. ಅವಳು ಬಿಡಲಿಲ್ಲ. “ಹರೇಕಳ ಹಾಜಬ್ಬ?” ಎಂದಳು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಕೊಡಲಾಗಲಿಲ್ಲವೆಂದು ತಮ್ಮೂರಿಗೆ ಶಾಲೆ ತಂದವರು. ಪ್ರಶಸ್ತಿಯ ಹಣ ಬಂದಾಗ ಅದೂ ಶಾಲೆಗೇ ಹೋಯಿತು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಲ್ಲೇ ನಡೆದು ಹೋದದ್ದನ್ನು ನಾವಿಬ್ಬರೂ ಟೀವಿಯಲ್ಲಿ ನೋಡಿದ್ದೆವು. ನಾನು ಸುಮ್ಮನಾದೆ.

ಮೂರನೇ ಸಾಲು ಬಾಕಿ ಇತ್ತು. ಅದನ್ನು ಅವಳು ಕೇಳಲಿಲ್ಲ, ನಾನೇ ಹೇಳಿದೆ.

ಹನ್ನೊಂದು ವರ್ಷದಿಂದ ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಜೂನ್ ತಿಂಗಳಲ್ಲಿ ಸೆರಗು ಹಿಡಿದು ಬಾಗಿಲ ಹತ್ತಿರ ನಿಂತಳು. ಮಗಳು ಪಿಯುಸಿ ಪಾಸಾಗಿದ್ದಾಳೆ, ನರ್ಸಿಂಗ್ ಸೇರಿಸಬೇಕು, ಮೂವತ್ತು ಸಾವಿರ ಬೇಕಿತ್ತು ಎಂದಳು. “ದುಡ್ಡೆಲ್ಲ ಎಫ್‌ಡಿಯಲ್ಲಿದೆ ಕಣಮ್ಮ, ಮಧ್ಯೆ ತೆಗೆಯೋಕೆ ಆಗಲ್ಲ” ಎಂದೆ. “ಸರಿ ಬುಡಿ ಅಪ್ಪಾವ್ರೇ” ಎಂದು ಪಾತ್ರೆ ತೊಳೆಯಲು ಹೋದಳು.

ಎಫ್‌ಡಿಯನ್ನು ಮಧ್ಯೆ ತೆಗೆಯಬಹುದು. ಬಡ್ಡಿಯಲ್ಲಿ ಸ್ವಲ್ಪ ಕಡಿತ, ಅಷ್ಟೆ. ಮುರಿಯುವುದು ಬೇಡವಾದರೆ ಅದರ ಮೇಲೆ ಸಾಲವೂ ಸಿಗುತ್ತದೆ. ಮದುವೆಗೆ, ಆಸ್ಪತ್ರೆಗೆ ಎಂದು ಬಂದವರಿಗೆ ನಾನೇ ಎಷ್ಟು ಫಾರಂ ತುಂಬಿಕೊಟ್ಟಿಲ್ಲ! ಆವತ್ತು ಅಡುಗೆಮನೆಯಿಂದ ಬರುತ್ತಿದ್ದ ಪಾತ್ರೆಯ ಸದ್ದಿಗೆ ನನಗೆ ಆ ಜಗಲಿ ನೆನಪಾಗಬೇಕಿತ್ತು. ಆಗಲಿಲ್ಲ.

ಹಬ್ಬ ಕಳೆದು ಸೋಮವಾರ ಬ್ಯಾಂಕಿಗೆ ಹೋದೆ. “ಸರ್, ಇದಕ್ಕೆ ನೀವು ಬರೋದೇ ಬೇಡ, ಮೊಬೈಲಲ್ಲೇ ಮುರೀಬಹುದು” ಎಂದ ಕೌಂಟರಿನ ಹುಡುಗ. ಹಣ ತಂದು, ಆ ಹೆಂಗಸನ್ನು ಕೂರಿಸಿ, ಅವತ್ತು ನಾನು ಸುಳ್ಳು ಹೇಳಿದೆ ಕಣಮ್ಮ ಎಂದೆ. ಎದೆ ಡವಗುಟ್ಟುತ್ತಿತ್ತು, ಈ ವಯಸ್ಸಿನಲ್ಲಿ.

“ಗೊತ್ತು ಅಪ್ಪಾವ್ರೇ” ಎಂದಳು. “ನಂದೂ ಹತ್ತು ಸಾವಿರದ್ದು ಒಂದು ಎಫ್‌ಡಿ ಇತ್ತು. ಅದ್ನ ಮುರಿಸೇ ಸೀಟಿಗೆ ಮುಂಗಡ ಕಟ್ಟಿದ್ದು.”

ಉಳಿದದ್ದಕ್ಕೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಮಾಡಿದ್ದಾಳೆ, ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಆದರೂ ಎರಡನೇ ಕಂತು ಹತ್ತಿರ ಬಂದಿತ್ತು. ಹಣ ತೆಗೆದುಕೊಂಡಳು. “ತಿಂಗ್ಳಿಗೆ ಸಾವಿರ ಸಂಬಳದಲ್ಲಿ ಹಿಡ್ಕಳಿ. ಬರ್ಕಳಿ” ಎಂದಳು. ವಾಪಸು ಬೇಡ ಎಂದೆ. “ಹಂಗಾದ್ರೆ ನಂಗೂ ಬ್ಯಾಡ” ಎಂದು ಮೇಜಿನ ಮೇಲೆ ಇಟ್ಟಳು. ಅವಳ ಎದುರೇ ಡೈರಿಯಲ್ಲಿ ಬರೆದುಕೊಂಡೆ. ಅದಾದ ಮೇಲೆಯೇ ಕೈಗೆತ್ತಿಕೊಂಡದ್ದು.

ಸಂಜೆ ಮೊಮ್ಮಗಳಿಗೆ ಲೆಕ್ಕ ಒಪ್ಪಿಸಿದೆ. ನಲವತ್ತೆರಡು ಲಕ್ಷಕ್ಕೆ ನೂರಕ್ಕೆ ಐದರಂತೆ 2,10,000. ಶಾಲೆಗೆ ಕೊಟ್ಟ 5,000, ಈಗಿನ 30,000 ಕಳೆದರೆ ಬಾಕಿ 1,75,000 ಎಂದೆ.

“ಇಲ್ಲ ತಾತ” ಎಂದಳು. “ಮೂವತ್ತು ಸಾವಿರ ವಾಪಸ್ ಬರತ್ತಲ್ಲ. ಅದು ಸಾಲ. ಅದನ್ನ ಹೇಗೆ ಕಳೀತೀಯಾ?”

ಬಿಕಾಂ ಓದಿದ್ದು ನಾನು. 1978ರ ಡೈರಿಯ ಮೊದಲ ಪುಟದಲ್ಲಿ, ಕೆಂಪು ಶಾಯಿಯ ಕೆಳಗೆ, ಪೆನ್ಸಿಲಿನಲ್ಲಿ ಈಗ ಅವಳ ದುಂಡನೆಯ ಅಕ್ಷರ ಇದೆ: ಬಾಕಿ 2,05,000.