ಜೊತೆಗಾರರ ನಡಿಗೆ: ಬಾದಾಮಿಯಿಂದ ಪಟ್ಟದಕಲ್ಲಿಗೆ

ಯುಗಾದಿ ಸಮೀಪಿಸಿದಂತೆ ಉತ್ತರ ಕರ್ನಾಟಕದ ಭಕ್ತಾದಿಗಳು ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದನ್ನು ನಾವು ಬಾಲ್ಯದಿಂದಲೂ ಕಂಡವರು. ಬಿಸಿಲು, ಕಾಡು, ಬೆಟ್ಟಗಳನ್ನು ದಾಟಿ ನೂರಾರು ಮೈಲು ನಡೆದ ಹಿರಿಯರ ಮಕ್ಕಳಾದ ನಾವು ಇಂದು ಓಣಿಯ ಕೊನೆಯ ಅಂಗಡಿಗೆ ಹೋಗಲೂ ವಾಹನದ ಕೀಲಿಯನ್ನು ಹುಡುಕುತ್ತೇವೆ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳು ಮನೆಮನೆಯ ಮಾತಾಗಿವೆ.

ಕಳೆದ ಚಳಿಗಾಲದಲ್ಲಿ ನಾವು ಐವರು ಗೆಳೆಯರು, ಎಲ್ಲರೂ ಐವತ್ತು ದಾಟಿದವರು, ಒಂದು ಸಂಕಲ್ಪ ಮಾಡಿದೆವು. ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್ ದೂರದ ಓಟ. ಅಷ್ಟೇ ದೂರವನ್ನು ಓಡದೆ ನಡೆದು ಕ್ರಮಿಸಬೇಕೆಂಬುದು ನಮ್ಮ ಆಸೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ರಸ್ತೆಯಲ್ಲಿ ಸುಮಾರು 22 ಕಿಲೋಮೀಟರ್. ಶನಿವಾರ ಬಾದಾಮಿಯಲ್ಲಿ ತಂಗಿ, ಭಾನುವಾರ ನಸುಕಿನಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಮೊಣಕಾಲು ನೋವಿದ್ದ ಒಬ್ಬರು ನೀರು, ಬಾಳೆಹಣ್ಣು, ಔಷಧಿಗಳೊಡನೆ ಕಾರಿನಲ್ಲಿ ಬರಲು ಒಪ್ಪಿದರು.

ಹನ್ನೆರಡು ವಾರಗಳ ಸಿದ್ಧತೆ

ಅಷ್ಟು ದೂರವನ್ನು ಒಂದೇ ದಿನದ ಹುರುಪಿನಲ್ಲಿ ನಡೆಯಲಾಗದು. ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ ನಡೆದೆವು. ಭಾನುವಾರಗಳಂದು ಮಾತ್ರ ದೀರ್ಘ ನಡಿಗೆ. ಐದು ಕಿಲೋಮೀಟರಿನಿಂದ ತೊಡಗಿ, ವಾರಕ್ಕೆ ಒಂದೆರಡು ಕಿಲೋಮೀಟರ್ ಹೆಚ್ಚಿಸುತ್ತ ಹದಿನಾರಕ್ಕೆ ಮುಟ್ಟಿದೆವು. ಕೊನೆಯ ವಾರ ದೇಹಕ್ಕೆ ವಿಶ್ರಾಂತಿ ದೊರೆಯಲೆಂದು ನಡಿಗೆಯನ್ನು ತಗ್ಗಿಸಿದೆವು. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಂತಿರಬೇಕು. ಮಧ್ಯಮ ಶ್ರಮದ ವೇಗಕ್ಕೆ ಇದು ಸುಲಭವಾದ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಇಂಥ ಶ್ರಮವನ್ನು ಸೂಚಿಸಿದೆ.

ನಮ್ಮಲ್ಲಿ ಹಿರಿಯರು ನಿವೃತ್ತ ಮಾಸ್ತರರು. ಹದಿನೈದು ವರ್ಷಗಳಿಂದ ಅವರಿಗೆ ಮಧುಮೇಹ. ವೈದ್ಯರು ಪರೀಕ್ಷಿಸಿ, ನಡೆಯಲು ಸಮ್ಮತಿಸಿ, ಒಂದು ಕಟ್ಟಪ್ಪಣೆಯನ್ನು ವಿಧಿಸಿದ್ದರು: ಗಂಟೆಗೊಮ್ಮೆ ಬೂಟು ಬಿಚ್ಚಿ ಪಾದಗಳನ್ನು ನೋಡಿಕೊಳ್ಳಬೇಕು.

ಹದಿನಾರನೆಯ ಕಿಲೋಮೀಟರ್

ನಸುಕಿನ ಐದಕ್ಕೆ ಹೊರಟೆವು. ಬೆಳಕು ಹರಿದಂತೆ ಕೆಂಪು ಮರಳುಗಲ್ಲಿನ ಗುಡ್ಡಗಳು ಮೂಡಿ ನಿಂತವು. ಇಕ್ಕೆಲಗಳಲ್ಲಿ ಜೋಳದ ಹೊಲಗಳು, ಅಲ್ಲಲ್ಲಿ ಬೇವಿನ ಮರಗಳು. ಮೊದಲೆರಡು ಗಂಟೆ ವೈದ್ಯರ ಅಪ್ಪಣೆಯನ್ನು ಪಾಲಿಸಿದೆವು. ಮೂರನೆಯ ಸಲ ನಿಲ್ಲಬೇಕಾದಾಗ ಬಿಸಿಲು ಏರುತ್ತಿತ್ತು. ನಿಂತರೆ ತಡವಾದೀತೆಂದು ಮುಂದೆ ಸಾಗಿದೆವು.

ಹದಿನಾರು ಕಿಲೋಮೀಟರ್ ಮುಗಿದಾಗ ಮಾಸ್ತರರು, ಕಾಲುಚೀಲ ಹಸಿಯಾದಂತಿದೆ ಎಂದರು. ಬೆವರಿರಬಹುದೆಂದು ನಾನೇ ಹೇಳಿದೆ. "ಇನ್ನ ಐದಾರ ಕಿಲೋಮೀಟರ್ ಉಳದಾವ, ನಡೀರಿ ಮಾಸ್ತರ" ಎಂದು ಹುರಿದುಂಬಿಸಿದವನೂ ನಾನೇ. ಅವರು ನಕ್ಕು ಹೆಜ್ಜೆ ಹಾಕಿದರು. ತುಸು ದೂರ ಹೋಗುವಷ್ಟರಲ್ಲಿ ಅವರ ನಡಿಗೆ ಓರೆಯಾದುದನ್ನು ಹಿಂದಿದ್ದ ಗೆಳೆಯರು ಗಮನಿಸಿ, ಬೇವಿನ ನೆರಳಲ್ಲಿ ಹಟಹಿಡಿದು ಕೂರಿಸಿದರು. ಬೂಟು ಕಳಚಿದಾಗ ಕಾಲುಚೀಲ ರಕ್ತದಿಂದ ತೊಯ್ದಿತ್ತು. ಹಿಮ್ಮಡಿಯಲ್ಲಿ ಎದ್ದ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ಮಾಸ್ತರರಿಗೆ ಮಾತ್ರ ಒಂದಿಷ್ಟೂ ನೋವಿರಲಿಲ್ಲ.

ಆ ನೋವಿಲ್ಲದಿರುವಿಕೆಯೇ ಅಪಾಯ. ದೀರ್ಘಕಾಲದ ಮಧುಮೇಹದಿಂದ ಪಾದದ ನರಗಳು ಸಂವೇದನೆಯನ್ನು ಕಳೆದುಕೊಳ್ಳುತ್ತವೆ. ಗಾಯವಾದರೂ ಅರಿವಿಗೆ ಬಾರದು. ರಕ್ತಸಂಚಾರ ಕುಂದಿದ್ದರೆ ಬೇಗ ಮಾಯದು. ಸಣ್ಣ ಬೊಬ್ಬೆಯೇ ಹುಣ್ಣಾಗಿ, ಸೋಂಕು ಆಳಕ್ಕಿಳಿದು, ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುವ ಸಂದರ್ಭಗಳುಂಟು. ಶುದ್ಧ ನೀರಿನಿಂದ ಗಾಯವನ್ನು ತೊಳೆದು, ಸ್ವಚ್ಛವಾದ ಪಟ್ಟಿ ಕಟ್ಟಿ, ಕಾರಿನಲ್ಲಿ ಕೂರಿಸಿ ವೈದ್ಯರಲ್ಲಿಗೆ ಕರೆದೊಯ್ದೆವು. ಆ ದಿನ ಪಟ್ಟದಕಲ್ಲನ್ನು ಯಾರೂ ತಲುಪಲಿಲ್ಲ. ಗಾಯ ಮಾಯಲು ಐದು ವಾರ ಬೇಕಾಯಿತು. ಅಷ್ಟೂ ದಿನ ನನ್ನ ಆ ಒಂದು ಮಾತು ನನ್ನನ್ನು ಚುಚ್ಚುತ್ತಿತ್ತು.

ನಡೆಯಲು ಹೊರಡುವವರಿಗೆ

ದೀರ್ಘ ನಡಿಗೆಗೆ ಹೊಸ ಬೂಟು ಸಲ್ಲದು. ಕೆಲವು ವಾರ ಧರಿಸಿ ಪಳಗಿದ್ದೇ ಇರಲಿ. ಪಾದಗಳು ಸಂಜೆಯ ಹೊತ್ತಿಗೆ ತುಸು ಊದಿರುವುದರಿಂದ ಆಗಲೇ ಬೂಟನ್ನು ಕೊಳ್ಳಬೇಕು. ಬೆರಳ ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಬದಲಿಸಲು ಒಣ ಕಾಲುಚೀಲಗಳನ್ನು ಒಯ್ಯಬೇಕು. ಬೊಬ್ಬೆಯನ್ನು ಚುಚ್ಚಿ ಒಡೆಯಬಾರದು. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಅತಿಯಾಗಿ ಬರಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಅಂಶ ತಗ್ಗಿ ತೊಂದರೆಯಾದೀತು.

ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ಸೇವಿಸುವವರು ಅಂದಿನ ಔಷಧಿಯ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು. ನಡುಕ, ತಣ್ಣನೆಯ ಬೆವರು, ಮಂಕು ಕವಿಯುವುದು ಸಕ್ಕರೆ ಕುಸಿದುದರ ಲಕ್ಷಣಗಳು. ಕೂಡಲೇ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷಗಳಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಎದೆನೋವು, ತಲೆಸುತ್ತು ಕಾಣಿಸಿದರೆ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ ಚಿಕಿತ್ಸೆ ಪಡೆಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು, ಗುಂಪಿನ ವೇಗವನ್ನು ಅತ್ಯಂತ ನಿಧಾನವಾಗಿ ನಡೆಯುವವರೇ ನಿರ್ಣಯಿಸಬೇಕು. ನಿಲ್ಲುವೆನೆಂದು ಹೇಳಲು ಯಾರೂ ಸಂಕೋಚಪಡದಂಥ ಸಲುಗೆ ಗುಂಪಿನಲ್ಲಿರಬೇಕು. ಇನ್ನೊಬ್ಬರ ಕಾಲಿನ ಮೇಲೆ ಕಣ್ಣಿಡುವುದೂ ದಾಸೋಹವೇ. ನಮ್ಮ ಪರಂಪರೆಯು ದೇಹಕ್ಕೆ ದೇಗುಲದ ಸ್ಥಾನವನ್ನು ಕೊಟ್ಟಿದೆ. ಅದರ ಒಂದು ಕಲ್ಲು ಸಡಿಲಿದರೂ ಕಂಡವರು ಸುಮ್ಮನಿರಲಾಗದು.

ಗಾಯ ಪೂರ್ತಿ ಮಾಗಿ, ವೈದ್ಯರು ಸಮ್ಮತಿಸಿದ ಮೇಲೆ ಮತ್ತೊಂದು ಭಾನುವಾರ ಅದೇ ಬೇವಿನ ಮರದ ಬಳಿ ಕಾರಿನಿಂದ ಇಳಿದೆವು. ಉಳಿದಿದ್ದ ಐದು ಕಿಲೋಮೀಟರುಗಳನ್ನು ಮಾಸ್ತರರನ್ನು ಮುಂದಿಟ್ಟುಕೊಂಡು ನಡೆದೆವು. ನಡುವೆ ಎರಡು ಸಲ ಕುಳಿತು ಅವರ ಪಾದಗಳನ್ನು ನೋಡಿದೆವು. ವಿರೂಪಾಕ್ಷ ದೇವಾಲಯದ ಶಿಖರ ಕಂಡಾಗ ಐವರೂ ಜೊತೆಯಲ್ಲಿದ್ದೆವು.