ಕೆಂಧೂಳಿನ ದುಡ್ಡಿಗೆ ಲೆಕ್ಕ ಕೇಳುವುದು ಹೇಗೆ?

ಹೊಸಪೇಟೆ–ಬಳ್ಳಾರಿ ನಡುವಿನ ಗಾದಿಗನೂರಿನಂಥ ಊರುಗಳಲ್ಲಿ ಅದಿರು ಲಾರಿ ಹೋದರೆ ರಸ್ತೆಬದಿಯ ಎಲೆ ಕೆಂಪಾಗುತ್ತದೆ. ಅದೇ ಧೂಳು ಎದೆಗೂ ಇಳಿಯುತ್ತದೆ. ಹಾಗಾಗಿ ಈ ಭಾಗದ ಶಾಸಕರು ಸದನದಲ್ಲಿ ಗಣಿಯ ದುಡ್ಡಿನಲ್ಲಿ ಭೂಮಿಗೆಷ್ಟು, ಆರೋಗ್ಯಕ್ಕೆಷ್ಟು ಎಂದು ಬಿಡಿಬಿಡಿಯಾಗಿ ಕೇಳಿದರೆ ಸಿಗುವುದು ಅರ್ಧ ಉತ್ತರವೇ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗಣಿಗಳು ರಾಜಧನದ ಶೇ 30, ಹರಾಜಾದ ಗಣಿಗಳು ಶೇ 10 ಕಟ್ಟಬೇಕು. ಅದರಲ್ಲಿ ಕನಿಷ್ಠ ಶೇ 60 ನೀರು, ಆರೋಗ್ಯ, ಪರಿಸರ, ಶಿಕ್ಷಣದಂಥ ಆದ್ಯತೆಗಳಿಗೆ ಎಂದು ಆಗಲೇ ನಿಗದಿಯಾಗಿತ್ತು. ಆದರೆ ಆಸ್ಪತ್ರೆಯ ಕಟ್ಟಡ ಎದ್ದರೆ ಸಾಕು, ಒಳಗೆ ವೈದ್ಯರಿಲ್ಲದಿದ್ದರೂ ಕಾಗದದ ಲೆಕ್ಕ ಸರಿಹೋಗುತ್ತದೆ.

2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್ ಆಮೇಲೆ ಪ್ರತಿ ಗುತ್ತಿಗೆಗೂ ಪುನಶ್ಚೇತನ ಯೋಜನೆ ಕಡ್ಡಾಯ ಮಾಡಿತು. ಕೋರ್ಟಿನ ಕಣ್ಗಾವಲಿರುವಾಗ ಶಾಸಕರಿಗೇನು ಕೆಲಸ ಎನ್ನಬಹುದು. ಕಣ್ಗಾವಲು ಸೋರಿಕೆ ತಡೆದೀತು. ಆದರೆ ಎಕ್ಸ್‌ರೇ ಯಂತ್ರ ಯಾವ ಹಳ್ಳಿಗೆ ಮೊದಲು ಎಂಬುದು ಜನಪ್ರತಿನಿಧಿಗಳ ತೀರ್ಮಾನ. ಮೇಲಾಗಿ 2021ರ ಕೇಂದ್ರದ ಆದೇಶದಂತೆ ಶಾಸಕರೂ ಪ್ರತಿಷ್ಠಾನದ ಆಡಳಿತ ಮಂಡಳಿಯ ಸದಸ್ಯರು. ಸದನದಲ್ಲಿ ಗುಡುಗುವವರು ಸಭೆಯಲ್ಲಿ ತಲೆಯಾಡಿಸಿದ್ದೂ ಇರಬಹುದು! ಎಷ್ಟು ಕೋಟಿ ಖರ್ಚಾಯಿತು ಎನ್ನುವುದನ್ನು ಬಿಟ್ಟು, ಎಷ್ಟು ಎಕರೆ ಮತ್ತೆ ಹಸಿರಾಯಿತು, ಎಷ್ಟು ಮಂದಿಯ ಶ್ವಾಸಕೋಶ ತಪಾಸಣೆಯಾಯಿತು ಎಂದು ನಿಮ್ಮ ಶಾಸಕರನ್ನೇ ಕೇಳಿ.